ಹಿಡಿಯುವ ಹೊಲಿಗೆ, ಮೆರೆಯುವ ಹೊಲಿಗೆ



ನಿಮ್ಮ ಮನೆಯ ದಿವಾನದ ಪೆಟ್ಟಿಗೆಯೊಳಗೋ ಕಪಾಟಿನ ಮೇಲ್ಭಾಗದಲ್ಲೋ ಒಂದು ಕೌದಿ ಮಡಚಿಟ್ಟಿರಬಹುದು. ಧಾರವಾಡ, ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರಗಿ ಕಡೆಯ ಮನೆತನವಾದರಂತೂ ಇದ್ದೇ ಇರುತ್ತದೆ ಎಂದು ನನ್ನ ನಂಬಿಕೆ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಹೊಲಿದ ಹೊದಿಕೆ ಅದು. ನಿಮ್ಮ ಮರಾಠಿ ಗೆಳೆಯರ ಮನೆಯಲ್ಲಿ ಅದನ್ನೇ ಗೋಧಡಿ ಎನ್ನುತ್ತಾರೆ. ಬಂಗಾಳದವರು ಕಾಂಥಾ ಎನ್ನುತ್ತಾರೆ. ಹೆಸರು ಬೇರೆ ಬೇರೆಯಾದರೂ ಕೆಲಸ ಒಂದೇ: ಹರಿದದ್ದನ್ನು ಬಿಸಾಡದೆ ಬೆಚ್ಚಗೆ ಮಾಡುವುದು.

ಆದರೆ ನಾನಿಲ್ಲಿ ಕೌದಿಯ ಗುಣಗಾನ ಮಾಡಲು ಹೊರಟಿಲ್ಲ. ನಿಮ್ಮಲ್ಲಿ ಹಲವರು ನನ್ನನ್ನು ಕೇಳುತ್ತಿರುವ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಾಗಿದೆ. ಡೊಂಬಿವಲಿ ಪೂರ್ವದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಹೊಲಿಗೆ ಕಲಿಸಿದವಳು. ಮೊದಲೆಲ್ಲ ಬ್ಲೌಸು, ಪರಕಾರ, ಮಕ್ಕಳ ಫ್ರಾಕು ಕಲಿಯಲು ಬರುತ್ತಿದ್ದರು. ಈಗ ಥಾಣೆಯಿಂದ, ಕಲ್ಯಾಣದಿಂದ, ನವಿ ಮುಂಬಯಿಯಿಂದ ನಮ್ಮವರ ಮಕ್ಕಳು ಫೋನು ಮಾಡಿ ಬೇರೆಯದನ್ನೇ ಕೇಳುತ್ತಾರೆ. "ಅಜ್ಜಿಯ ಸೀರೆಯಿಂದ ಕೌದಿ ಮಾಡಬೇಕು. ನಮ್ಮ ಮಷಿನ್‌ನಲ್ಲಿ ಹೂವು, ಬಳ್ಳಿ, ಅಲೆ ಅಂತ ಇಪ್ಪತ್ತು ಥರದ ಡಿಸೈನ್ ಇದೆ. ತೆಳು ಬಟ್ಟೆಯ ಮೇಲೆ ಚೆನ್ನಾಗಿ ಬರುತ್ತದೆ, ಕೌದಿಯ ಮೇಲೆ ಹಾಕಿದರೆ ಕೆಡುತ್ತದೆ. ಏನು ಕಾರಣ?"

ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಅಂಗಡಿಯಿಂದ ತಂದ ಬಟ್ಟೆ ಕೆಟ್ಟರೆ ಲೋಕಲ್ ಹತ್ತಿ ಉಲ್ಹಾಸನಗರದ ಬಜಾರಿಗೆ ಹೋಗಿ ಇನ್ನೊಂದು ತರಬಹುದು. ಅಜ್ಜಿ ಉಟ್ಟ ಸೀರೆ ಕೆಟ್ಟರೆ ಯಾವ ಬಜಾರಿಗೆ ಹೋಗುತ್ತೀರಿ? ಹಳೆಯ ಬಟ್ಟೆಯ ಮೇಲೆ ತಪ್ಪು ಹೊಲಿಗೆ ಬಿದ್ದರೆ ಬಿಚ್ಚಬಹುದು, ಆದರೆ ಸೂಜಿ ಮಾಡಿದ ತೂತು ಮುಚ್ಚುವುದಿಲ್ಲ. ಎರಡು ಸಲ ಬಿಚ್ಚಿ ಹೊಲಿದರೆ ನೂಲೇ ಕೈಗೆ ಬರುತ್ತದೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಈ ನಾಲ್ಕು ಮಾತು ಓದಿ.

ಕೌದಿ ನಮ್ಮೊಡನೆ ಇಲ್ಲಿಗೆ ಹೇಗೆ ಬಂತೆಂದು ಮೊದಲು ಹೇಳಿಬಿಡುತ್ತೇನೆ. 1956ರ ನವೆಂಬರ್ 1ರವರೆಗೆ ಧಾರವಾಡ, ಬಿಜಾಪುರ, ಬೆಳಗಾವಿ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಆ ಕಡೆಯ ಹುಡುಗನಿಗೆ ಮುಂಬಯಿ ಎಂದರೆ ತನ್ನದೇ ರಾಜಧಾನಿ. ನೌಕರಿಗೆಂದು ಬಂದವರಿಗೆ ಮುಂಬಯಿಯಲ್ಲಿ ಬಾಡಿಗೆ ಕೈಗೆಟುಕದಾದಾಗ ಥಾಣೆಗೆ, ಡೊಂಬಿವಲಿಗೆ, ಕಲ್ಯಾಣಕ್ಕೆ ಸರಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ಖಾಡಿಯ ಆಚೆ ಹೊಸ ನಗರ ಎದ್ದಮೇಲೆ ವಾಶಿ, ನೇರೂಳಿಗೂ ಹೋದರು. ಟ್ರಂಕು, ಹಾಸಿಗೆ ಸುರುಳಿ ಹೊತ್ತು ರೈಲಿನಿಂದ ಇಳಿದವರು ಅವರು. ಆ ಸುರುಳಿಯ ಒಳಗೆ ಇದ್ದದ್ದೇ ಕೌದಿ. ಚಾಳಿನ ಹತ್ತು ಅಡಿ ಕೋಣೆಯಲ್ಲಿ ಹಗಲು ಮಡಚಿದರೆ ಕೂರುವ ಜಾಗ, ರಾತ್ರಿ ಬಿಚ್ಚಿದರೆ ಮಲಗುವ ಜಾಗ.

ನನ್ನ ತವರು ಬಾಗಲಕೋಟೆ ಕಡೆಯದು. ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಂಗಸರು ನಮ್ಮೂರಿಗೆ ಬರುತ್ತಿದ್ದರು. ಅಂಗಳದಲ್ಲಿ ಒಂದು ಅಖಂಡ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿ, ಅದರ ಮೇಲೆ ಚಿಂದಿಗಳನ್ನು ಒಂದರ ಪಕ್ಕ ಒಂದು ಕೂಡಿಸುತ್ತಿದ್ದರು. ಮೇಲೆ ಇನ್ನೊಂದು ಸೀರೆ ಅಥವಾ ಬಣ್ಣಬಣ್ಣದ ಚೌಕಗಳು. ಆಮೇಲೆ ಇಬ್ಬರು ಎದುರುಬದುರು ಕೂತು, ದಪ್ಪ ಸೂಜಿಗೆ ದಪ್ಪ ದಾರ ಪೋಣಿಸಿ ಅಂಚಿನಿಂದ ಒಳಕ್ಕೆ ಸಾಲು ಹಾಕುತ್ತ ಬರುವರು. ಹೊಲಿಗೆ ಒಂದೇ ಬಗೆಯದು. ಸೂಜಿ ಒಳಗೆ, ಸೂಜಿ ಹೊರಗೆ. ನಮ್ಮ ತಾಯಿ ಬೆರಳಿನಿಂದ ಸಾಲುಗಳ ನಡುವಿನ ಅಂತರ ಅಳೆದು ನೋಡುತ್ತಿದ್ದರು. ಅಂತರ ಬೆರಳಿಗಿಂತ ಹೆಚ್ಚಾದರೆ ಒಳಗಿನ ಚಿಂದಿ ಒಗೆಯುವಾಗ ಗಂಟಾಗುತ್ತದೆ ಎಂದು ಅವರ ಲೆಕ್ಕ.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಕೌದಿಗೆ ಅಂದ ಇರಲಿಲ್ಲವೇ? ಬೇಕಾದಷ್ಟು ಇತ್ತು. ಆದರೆ ಆ ಅಂದ ಬಟ್ಟೆಯ ಬಣ್ಣದಿಂದ, ತುಂಡುಗಳ ಜೋಡಣೆಯಿಂದ ಬಂದದ್ದು. ಪದರಗಳನ್ನು ಹಿಡಿಯುವ ಹೊಲಿಗೆ ಮಾತ್ರ ಸಾದಾ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ನೋಡಿ. ಅವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರ ಕೌದಿಗಳ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿ ಹೊರಜಗತ್ತಿಗೆ ತೋರಿಸಿಕೊಟ್ಟರು. ಆ ಕೌದಿಗಳ ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಾಡಿದ ತ್ರಿಕೋನದ ಅಲಂಕಾರ ಇರುತ್ತದೆ. ಅದಕ್ಕೆ ಅವರು 'ಫೂಲ' ಎನ್ನುತ್ತಾರೆ, ಅಂದರೆ ಹೂವು. ಹೂವು ಬಟ್ಟೆಯಿಂದ ಆಯಿತು. ಕೌದಿಯನ್ನು ಹಿಡಿದದ್ದು ಅಂಚಿನಿಂದ ನಡುವಿನವರೆಗೆ ಸುತ್ತಿ ಬರುವ ಸಾದಾ ಹೊಲಿಗೆಯ ಸಾಲುಗಳು.

ನಮ್ಮ ಕಸೂತಿಯೂ ಹಾಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿಂದ ಗೋಪುರ, ತೇರು, ಆನೆ ಎಲ್ಲ ಬಿಡಿಸುತ್ತಾರೆ. ಆದರೆ ಅದನ್ನು ಹಾಕುವುದು ಒಂದೇ ಪದರದ ಬಟ್ಟೆಯ ಮೇಲೆ, ಎಳೆ ಎಣಿಸಿ. ಐದು ಪದರದ ಕೌದಿಯ ಮೇಲೆ ಮುರ್ಗಿ ಹಾಕಲು ಯಾವ ಅಜ್ಜಿಯೂ ಹೋಗಲಿಲ್ಲ. ಅವರ ಕೈಯ ಸೂಜಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಈಗ ಮಷಿನ್‌ಗೆ ಬರೋಣ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಿಂದ ಹಿಡಿದು ನಿಮ್ಮ ಮೇಜಿನ ಮೇಲಿನ ಯಂತ್ರದವರೆಗೆ ಹೊಲಿಗೆಯ ತತ್ವ ಒಂದೇ. ಕಣ್ಣು ತುದಿಯಲ್ಲಿರುವ ಸೂಜಿ ಮೇಲಿನ ದಾರವನ್ನು ಬಟ್ಟೆಯ ಕೆಳಗೆ ಒಯ್ಯುತ್ತದೆ. ಮೇಲೇಳುವಾಗ ಅಲ್ಲಿ ದಾರದ ಒಂದು ಸಣ್ಣ ಕುಣಿಕೆ ಮೂಡುತ್ತದೆ. ಕೆಳಗಿನ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ದಾರದ ಸುತ್ತ ತಿರುಗಿಸುತ್ತದೆ. ಎರಡೂ ದಾರ ಬಟ್ಟೆಯ ನಡುವಿನಲ್ಲಿ ಗಂಟು ಹಾಕಿಕೊಂಡರೆ ಹೊಲಿಗೆ ಸರಿ. ಪ್ಲೇಟಿನ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತವೆ, ಮೇಲಿನ ಫುಟ್ ಅದನ್ನು ಒತ್ತಿ ಹಿಡಿಯುತ್ತದೆ. ಅಷ್ಟೇ.

ಸಾದಾ ಹೊಲಿಗೆಯಲ್ಲಿ ಬಟ್ಟೆ ಒಂದೇ ದಿಕ್ಕಿಗೆ ಚಲಿಸುತ್ತದೆ. ಅಲಂಕಾರದ ಹೊಲಿಗೆಯಲ್ಲಿ ಸೂಜಿ ಎಡಬಲ ಆಡುತ್ತದೆ. ಕೆಲವು ಡಿಸೈನುಗಳಲ್ಲಿ ಹಲ್ಲುಗಳು ಬಟ್ಟೆಯನ್ನು ಮುಂದೆಯೂ ತಳ್ಳುತ್ತವೆ, ಹಿಂದೆಯೂ ಎಳೆಯುತ್ತವೆ. ಎರಡೂ ಚಲನೆ ಒಂದೇ ಅಳತೆಯದಾದರೆ ಮಾತ್ರ ಹೂವಿನ ಎಸಳು ಎಸಳಿಗೆ ಕೂಡುತ್ತದೆ. ಹಲ್ಲು ಹಿಡಿಯುವುದು ಕೆಳಪದರವನ್ನು ಮಾತ್ರ ಎಂಬುದನ್ನು ನೆನಪಿಡಿ. ನಡುವಿನ ಪದರಗಳು ಜಾರುತ್ತವೆ, ಮೇಲಿನ ಪದರವನ್ನು ಫುಟ್ ತಡೆಯುತ್ತದೆ. ಅಷ್ಟರಲ್ಲಿ ಕೌದಿಯ ಉಳಿದ ಭಾಗ ಮೇಜಿನಿಂದ ಕೆಳಗೆ ಜೋತು ತನ್ನ ಭಾರದಿಂದ ಎಳೆಯುತ್ತಿರುತ್ತದೆ. ಹೂವು ಹೇಗೆ ಸರಿ ಬಂದೀತು?

ನೇರೂಳಿನ ಒಬ್ಬ ಹುಡುಗಿ ಎರಡು ವರ್ಷದ ಹಿಂದೆ ಇದನ್ನೇ ಒಂದೇ ಮಾತಿನಲ್ಲಿ ಹೇಳಿದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಕೆಲಸ ಐರೋಳಿಯಲ್ಲಿ. ಆದರೆ ಅಜ್ಜಿಯ ಕೈಯಲ್ಲಿ ಬೆಳೆದವಳಾದ್ದರಿಂದ ಬಾಯಿ ಮಾತ್ರ ಅಪ್ಪಟ ಧಾರವಾಡ. "ಮೌಶಿ, ಹೂವು ಹೊಲಿ ಅಂದ್ರ ಈ ಮಷೀನು ಹುಳಾ ಹೊಲಿಯಾಕತ್ತೇತಿ!" ಎಂದು ಫೋನಿನಲ್ಲಿ ಅಳುವುದೋ ನಗುವುದೋ ತಿಳಿಯದಂತೆ ಹೇಳಿದಳು. ವಿದೇಶದಲ್ಲಿದ್ದ ಅಕ್ಕನಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ತಾಯಿ ಬಾಣಂತನಕ್ಕೆ ಹೊರಡುವವರಿದ್ದರು. ಅವರ ಚೀಲದಲ್ಲಿ ಕೂಸಿಗೊಂದು ಕೌದಿ ಹೋಗಬೇಕು, ಅದು ಹಿಂದಿನ ವರ್ಷ ತೀರಿಕೊಂಡ ಅಜ್ಜಿಯ ಇಳಕಲ್ ಸೀರೆಯದೇ ಆಗಬೇಕು ಎಂದು ಅವಳ ಹಟ. ಸೀರೆ ಇದ್ದದ್ದು ಎರಡು. ವಿಮಾನಕ್ಕೆ ಉಳಿದದ್ದು ಮೂರು ವಾರ.

ಭಾನುವಾರ ಮಷಿನ್ ಎತ್ತಿಕೊಂಡು ಥಾಣೆಯಲ್ಲಿ ಗಾಡಿ ಬದಲಿಸಿ ನಮ್ಮ ಮನೆಗೆ ಬಂದಳು. ಕಂದು ಬಣ್ಣದ ಒಡಲು, ಕೆಂಪು ಸೆರಗು. ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗದಲ್ಲಿ ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ ಗುರುತು. ಬೆಳಕಿಗೆ ಹಿಡಿದರೆ ಜರಡಿಯ ಹಾಗೆ ಕಾಣುತ್ತಿತ್ತು. ನಾನು ಅವಳಿಗೆ ಅಂದು ತೋರಿಸಿದ್ದನ್ನೇ ನಿಮಗೂ ಒಂದೊಂದಾಗಿ ಹೇಳುತ್ತೇನೆ.

ಮೊದಲು, ಸೀರೆಯನ್ನು ಮುಟ್ಟಬೇಡಿ. ಬೇರೆ ಹಳೆಯ ಬಟ್ಟೆಯಿಂದ ಅಷ್ಟೇ ಪದರದ, ಅಷ್ಟೇ ದಪ್ಪದ ಒಂದು ಅಂಗೈ ಅಗಲದ ತುಂಡು ಮಾಡಿಕೊಳ್ಳಿ. ಎಲ್ಲ ಪರೀಕ್ಷೆ ಅದರ ಮೇಲೆ. ಒಂದೇ ಪದರದ ಮೇಲೆ ಚೆನ್ನಾಗಿ ಬಂದ ಹೊಲಿಗೆ ಐದು ಪದರದ ಮೇಲೆ ಹೇಗೆ ಬರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಸೂಜಿಯನ್ನು ನೋಡಿ. ದಪ್ಪ ಪದರದಲ್ಲಿ ಸಣ್ಣ ಸೂಜಿ ಬಾಗುತ್ತದೆ, ಕೊಕ್ಕೆಗೆ ಕುಣಿಕೆ ಸಿಗುವುದಿಲ್ಲ. ಬಟ್ಟೆ ಸೂಜಿಯೊಡನೆ ಮೇಲೆದ್ದರೂ ಹಾಗೆಯೇ, ಕುಣಿಕೆ ಮೂಡುವುದೇ ಇಲ್ಲ. ಹೊಸ ಸೂಜಿ ಹಾಕಿ, ಒಂದು ನಂಬರು ದಪ್ಪದ್ದು ಹಾಕಿ. ಪೊಟ್ಟಣದ ಮೇಲೆ 90/14, 100/16, 110/18 ಎಂದು ಬರೆದಿರುತ್ತದೆ. ಮೊದಲ ಅಂಕಿ ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಅಂದರೆ 100 ಎಂದರೆ ಸರಿಯಾಗಿ ಒಂದು ಮಿಲಿಮೀಟರ್. ಕೌದಿಗೆ ಸಾಮಾನ್ಯವಾಗಿ 16 ಸಾಕು. ಹಳೆಯ ಸೀರೆಗೆ 18 ಹಾಕಿದರೆ ಸೂಜಿಯ ತೂತೇ ದೊಡ್ಡದಾಗುತ್ತದೆ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳಲ್ಲಿ ಮಷಿನ್‌ನಲ್ಲೇ ಬಿಟ್ಟ ಸೂಜಿಗೆ ತುಕ್ಕು ಹಿಡಿಯುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿನಿಂದ ಸವರಿದರೆ ಒರಟು ತಿಳಿಯುತ್ತದೆ.

ದಾರ ಪದೇ ಪದೇ ಹರಿಯುತ್ತಿದ್ದರೆ ದಾರ ಸೂಜಿಯ ಕಣ್ಣಿಗೆ ದಪ್ಪವಾಗಿರಬೇಕು, ಇಲ್ಲವೇ ಟೆನ್ಶನ್ ಬಿಗಿಯಾಗಿರಬೇಕು. ಬಾಬಿನ್ನಿನ ದಾರ ಮೇಲೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದರೂ ಅದೇ ಕಾರಣ. ಮೇಲಿನ ಟೆನ್ಶನ್ ಅನ್ನು 4ರಿಂದ 3ಕ್ಕೆ, ಬೇಕಾದರೆ 2ಕ್ಕೆ ಇಳಿಸಿ. ಅಲಂಕಾರದ ಹೊಲಿಗೆಯಲ್ಲಿ ಮೇಲಿನ ದಾರ ಒಂದಿಷ್ಟು ಸಡಿಲವಾಗಿ ಕೆಳಗೆ ಇಳಿದರೇ ಚೆಂದ.

ಕೆಳಗೆ ಹಕ್ಕಿಯ ಗೂಡಿನಂತೆ ದಾರ ಗೋಜಲಾದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ಪಾಪ, ಬಹಳ ಸಲ ತಪ್ಪು ಅದರದಲ್ಲ. ಫುಟ್ ಕೆಳಗಿಳಿಸಿ ದಾರ ಪೋಣಿಸಿದರೆ ದಾರ ಟೆನ್ಶನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಹಿಡಿತವಿಲ್ಲದ ಮೇಲಿನ ದಾರವೆಲ್ಲ ಕೆಳಗೆ ಹೋಗಿ ಗೂಡು ಕಟ್ಟುತ್ತದೆ. ಫುಟ್ ಎತ್ತಿ, ಮೊದಲಿನಿಂದ ಪೋಣಿಸಿ, ಆಮೇಲೆ ಫುಟ್ ಇಳಿಸಿ. ಪ್ಲೇಟು ತೆಗೆದು ಹಲ್ಲಿನ ಸಂದಿಯ ಹೊಟ್ಟನ್ನೂ ಬ್ರಶ್ಶಿನಿಂದ ತೆಗೆಯಿರಿ. ಹಳೆಯ ಹತ್ತಿ ಬಟ್ಟೆ ಬಹಳ ಹೊಟ್ಟು ಉದುರಿಸುತ್ತದೆ.

ಡಿಸೈನು ಮುದ್ದೆಯಾಗಿ ಒಂದೇ ಕಡೆ ಗುಪ್ಪೆ ಬಿದ್ದರೆ ಬಟ್ಟೆ ಮುಂದೆ ಸಾಗುತ್ತಿಲ್ಲ ಎಂದರ್ಥ. ಹೊಲಿಗೆಯ ಉದ್ದ ಹೆಚ್ಚಿಸಿ. ಫುಟ್ಟಿನ ಒತ್ತಡ ಕಡಿಮೆ ಮಾಡುವ ತಿರುಪು ನಿಮ್ಮ ಮಷಿನ್‌ನಲ್ಲಿದ್ದರೆ ಸ್ವಲ್ಪ ಸಡಿಲಿಸಿ. ಒತ್ತೊತ್ತಾಗಿ ತುಂಬುವ ಡಿಸೈನಿಗೆ ತಳದಲ್ಲಿ ತೋಡು ಇರುವ ಫುಟ್ ಬೇಕು. ಸಾದಾ ಫುಟ್ಟಿನ ತಳ ಚಪ್ಪಟೆ, ಉಬ್ಬಿದ ಹೊಲಿಗೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಎಸಳು ಎಸಳಿಗೆ ಕೂಡದಿದ್ದರೆ ಕೌದಿಯ ಭಾರವನ್ನು ಮೇಜಿನ ಮೇಲೆಯೇ ಇರುವಂತೆ ನೋಡಿ. ಎಡಕ್ಕೊಂದು ಕುರ್ಚಿ, ಹಿಂದಕ್ಕೊಂದು ಸ್ಟೂಲು ಇಡಿ. ಕೈಯಿಂದ ಎಳೆಯಬೇಡಿ, ತಳ್ಳಬೇಡಿ, ದಾರಿ ತೋರಿಸಿ ಅಷ್ಟೇ.

ಸೂಜಿ ಮುರಿಯುವುದು ಹೆಚ್ಚಾಗಿ ತುಂಡುಗಳು ಕೂಡುವ ಉಬ್ಬಿನಲ್ಲಿ. ನಾಲ್ಕು ಚೌಕ ಕೂಡುವ ಮೂಲೆಯಲ್ಲಿ ಒಳಮಡಿಕೆಗಳೆಲ್ಲ ಒಂದರ ಮೇಲೊಂದು ಬಂದು ಕೌದಿಗಿಂತ ದಪ್ಪನೆಯ ಗುಡ್ಡವಾಗುತ್ತದೆ. ಮಡಿಕೆಗಳನ್ನು ಎರಡೂ ಬದಿಗೆ ಬಿಡಿಸಿ ಇಸ್ತ್ರಿ ಹೊಡೆಯಿರಿ. ಫುಟ್ ಗುಡ್ಡ ಏರುವಾಗ ಅದರ ಮೂಗು ಮೇಲಾಗುತ್ತದೆ. ಹಿಂಭಾಗದ ಕೆಳಗೆ ಮಡಚಿದ ಬಟ್ಟೆಯ ತುಂಡು ಕೊಟ್ಟರೆ ಫುಟ್ ಸಮವಾಗಿ ನಿಲ್ಲುತ್ತದೆ. ಅಲ್ಲಿ ಮೋಟಾರು ಬಿಟ್ಟು, ಬದಿಯ ಗಾಲಿಯನ್ನು ಕೈಯಿಂದ ತಿರುಗಿಸಿ ದಾಟಿ. ಮೇಲಿನಿಂದಲೂ ಬಟ್ಟೆ ಎಳೆಯುವ ವಾಕಿಂಗ್ ಫುಟ್ ಸಾದಾ ಹೊಲಿಗೆಗೆ ಬಹಳ ಒಳ್ಳೆಯದು. ಆದರೆ ಹಿಂದೆ ಮುಂದೆ ಓಡುವ ಡಿಸೈನಿಗೆ ಅದು ಹೊಂದುವುದಿಲ್ಲ.

ಇನ್ನು ದಪ್ಪದ ಮಾತು. ಹಲವರು ಅಂಗಡಿಯಿಂದ ಪಾಲಿಯೆಸ್ಟರ್ ಫೈಬರಿನ ಹಾಳೆ ತಂದು ನಡುವೆ ತುಂಬುತ್ತಾರೆ. ಮೆತ್ತಗಿರುತ್ತದೆ ನಿಜ, ಆದರೆ ಸ್ಪಂಜಿನ ಮೇಲೆ ಬರೆದಂತೆ ಹೊಲಿಗೆ ಒಳಗೆ ಮುಳುಗುತ್ತದೆ. ವಿಜಯಪುರದ ಡಿಸೆಂಬರಿಗೆ ಐದು ಪದರ ಬೇಕಾಗಬಹುದು. ಡೊಂಬಿವಲಿಯ ಚಳಿಗೆ ಮೂರು ಪದರ ಸಾಕು. ದಪ್ಪ ಕೌದಿ ಆಷಾಢದಲ್ಲಿ ನಮ್ಮ ಗ್ಯಾಲರಿಯ ಗ್ರಿಲ್ಲಿನ ಮೇಲೆ ವಾರವಾದರೂ ಒಣಗುವುದಿಲ್ಲ, ವಾಸನೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಾಗೆ, ಹವೆ ಇದ್ದಷ್ಟು ಪದರ ಹಾಕಿ. ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಉಳಿದ ಅರ್ಧಕ್ಕೆ ಉಪಾಯ ಒಂದೇ. ಹಿಡಿಯುವ ಹೊಲಿಗೆ ಬೇರೆ, ಮೆರೆಯುವ ಹೊಲಿಗೆ ಬೇರೆ. ಎರಡನ್ನೂ ಒಂದೇ ಸಾಲಿನಿಂದ ಮಾಡಿಸಲು ಹೋಗಬೇಡಿ.

ಹೂವು, ಬಳ್ಳಿ ಏನಿದ್ದರೂ ಮೇಲಿನ ಪದರದ ಮೇಲೆ ಮೊದಲೇ ಹೊಲಿದುಬಿಡಿ, ಕೆಳಗಿನ ಪದರಗಳನ್ನು ಕೂಡಿಸುವ ಮೊದಲು. ಹಳೆಯ ಸೀರೆ ಮೆತ್ತಗೆ, ಒಂಟಿಯಾಗಿ ಹೊಲಿದರೆ ಸುಕ್ಕುಗಟ್ಟುತ್ತದೆ. ಅದಕ್ಕೆ ಕೆಳಗೆ ತೆಳ್ಳನೆಯ ಮಲ್‌ಮಲ್ ತುಂಡು ಅಥವಾ ಬಟರ್ ಪೇಪರ್ ಇಟ್ಟು ಹೊಲಿಯಿರಿ. ಪೇಪರಾದರೆ ಆಮೇಲೆ ಹರಿದು ತೆಗೆಯಿರಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಒತ್ತಾದ ಡಿಸೈನು ಬಿಟ್ಟು ಬಿಡಿಬಿಡಿಯಾದದ್ದನ್ನು ಆರಿಸಿ. ಒಂದೇ ಜಾಗದಲ್ಲಿ ಸೂಜಿ ಹತ್ತು ಸಲ ಚುಚ್ಚಿದರೆ ಹಳೆಯ ನೂಲು ಅಂಚೆ ಚೀಟಿಯ ಅಂಚಿನಂತೆ ಕಿತ್ತು ಬರುತ್ತದೆ.

ಮೇಲಿನ ಪದರ ಸಿದ್ಧವಾದ ಮೇಲೆ ಮೂರನ್ನೂ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ನಾಲ್ಕು ಬೆರಳಿಗೊಂದು ಸಾಲಿನಂತೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟವರಿಗೆ ಕೆಳಗಿನ ಬಟ್ಟೆಯಲ್ಲಿ ಸುಕ್ಕು ತಪ್ಪಿದ್ದಲ್ಲ. ಆಮೇಲೆ ಹೂವಿನ ಸಾಲುಗಳ ಪಕ್ಕದಲ್ಲಿ ಸಾದಾ ನೇರ ಹೊಲಿಗೆ ಹಾಕಿ. ಉದ್ದ ಮೂರರಿಂದ ಮೂರೂವರೆ ಮಿಲಿಮೀಟರ್. ಇದು ಹಿಡಿಯುವ ಹೊಲಿಗೆ. ಕೈಯಿಂದ ಹಾಕಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಕಪ್ಪು ಮಷಿನ್ ಇದ್ದರೆ ಅದಕ್ಕಿಂತ ಭಾಗ್ಯವಿಲ್ಲ. ಅದಕ್ಕೆ ನೇರ ಹೊಲಿಗೆ ಬಿಟ್ಟು ಬೇರೆ ಬಾರದು. ಆದರೆ ಆ ಒಂದನ್ನು ನಾಲ್ಕು ಪದರದ ಮೇಲೂ ಉಸಿರು ಕಟ್ಟದೆ ಹಾಕುತ್ತದೆ. ಗುಜರಿಗೆ ಕೊಡುವ ಮೊದಲು ಒಂದು ಸಲ ಎಣ್ಣೆ ಬಿಟ್ಟು ನೋಡಿ.

ಇಳಕಲ್ ಸೀರೆಯವರಿಗೆ ಇನ್ನೊಂದು ಮಾತು. ಆ ಸೀರೆಯ ಒಡಲಿನ ನೂಲನ್ನೂ ಸೆರಗಿನ ನೂಲನ್ನೂ ನೇಕಾರರು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಬಹಳ ಸೀರೆಗಳಲ್ಲಿ ಒಡಲು ಹತ್ತಿಯದು, ಟೋಪಿ ತೆನಿಯ ಸೆರಗು ರೇಷ್ಮೆಯದು ಇಲ್ಲವೇ ಕೃತಕ ರೇಷ್ಮೆಯದು. ಒಂದು ಒಗೆದರೆ ಕುಗ್ಗುತ್ತದೆ, ಇನ್ನೊಂದು ಜಾರುತ್ತದೆ. ಆದ್ದರಿಂದ ಎರಡನ್ನೂ ಒಂದೇ ಟೆನ್ಶನ್ನಿನಲ್ಲಿ ಹೊಲಿಯಲು ಹೋಗಬೇಡಿ, ಬೇರೆ ಬೇರೆ ತುಂಡಿನ ಮೇಲೆ ಪರೀಕ್ಷೆ ಮಾಡಿ. ಮೊದಲೇ ಒಗೆದು ಬಣ್ಣ ಬಿಡುತ್ತದೆಯೇ ನೋಡಿ.

ನೇರೂಳಿನ ಹುಡುಗಿಗೂ ಹೀಗೇ ಮಾಡಿಸಿದೆ. ಹೂವಿನ ಹೊಲಿಗೆಯನ್ನು ಸೆರಗಿನಿಂದ ಕತ್ತರಿಸಿದ ಒಂಬತ್ತು ಚೌಕಗಳ ಮೇಲೆ ಮಾತ್ರ ಹಾಕಿದಳು. ಕೂಸಿನ ಮೈಗೆ ತಾಗುವ ಕೆಳಬದಿಗೆ ಎರಡನೇ ಸೀರೆಯ ಒಡಲು, ಒಂದು ಗಂಟೂ ಇಲ್ಲದಂತೆ. ಒತ್ತು ಹೊಲಿಗೆಯ ಹಿಂಬದಿ ಎಳೆಗೂಸಿಗೆ ಚುಚ್ಚುತ್ತದೆ. ಹೂವುಗಳನ್ನು ಮೇಲಿನ ಪದರದಲ್ಲೇ ನಿಲ್ಲಿಸಿದ್ದರಿಂದ ಆ ತೊಂದರೆಯೂ ತಪ್ಪಿತು. ಜರಡಿಯಾಗಿದ್ದ ಮೂಲೆಯನ್ನು ಏನು ಮಾಡುವುದೆಂದು ಅವಳ ಮುಖ ಬಾಡಿತ್ತು. "ಕೌದಿಯಲ್ಲಿ ತೂತು ಮುಚ್ಚುವುದಕ್ಕೂ ಬಟ್ಟೆಯೇ ಅಲ್ಲವೇನೇ?" ಎಂದೆ. ಸಿದ್ದಿಗಳ ಹಾಗೆ ಮಡಚಿದ ತ್ರಿಕೋನವನ್ನು ಅಲ್ಲಿ ಕೂಡಿಸಿದೆವು. ಒಂದೇ ಮೂಲೆಗೆ ಹಾಕಿದರೆ ತೇಪೆ ಎನಿಸುತ್ತದೆ, ನಾಲ್ಕಕ್ಕೂ ಹಾಕಿದೆವು, ಹೂವಾಯಿತು.

ಹಿಡಿಯುವ ಹೊಲಿಗೆಯನ್ನು ಅವಳು ಕೈಯಲ್ಲೇ ಹಾಕಿದಳು. ನೇರೂಳಿನಿಂದ ಐರೋಳಿಗೆ ಹೋಗುವ ಲೋಕಲಿನಲ್ಲಿ, ಜಾಗ ಸಿಕ್ಕ ದಿನ. ಪಕ್ಕದಲ್ಲಿ ಕೂತ ಮರಾಠಿ ಹೆಂಗಸೊಬ್ಬರು ಎರಡು ದಿನ ನೋಡಿ, ಮೂರನೇ ದಿನ ಸೂಜಿ ಇಸಿದುಕೊಂಡು ತಾವೇ ಒಂದು ಸಾಲು ಹಾಕಿಕೊಟ್ಟರಂತೆ. ತಾಯಿ ಹೊರಡುವ ಮುನ್ನಾದಿನ ಕೌದಿ ಮುಗಿಯಿತು. ಅಲ್ಲಿ ವಾಶಿಂಗ್ ಮಷಿನ್‌ನಲ್ಲಿ ಎಷ್ಟೋ ಸಲ ಒಗೆದಿದ್ದಾರೆ. ಒಂದು ಹೂವಿನ ದಾರ ಸ್ವಲ್ಪ ಎದ್ದಿದೆಯಂತೆ. ಕೈಯಿಂದ ಹಾಕಿದ ಸಾಲು ಒಂದೂ ಬಿಟ್ಟಿಲ್ಲ.

ಯುವ ಮಿತ್ರರೇ, ನಿಮಗೆ ಸಿಕ್ಕ ಮಷಿನ್ ನಮಗೆ ಸಿಕ್ಕಿರಲಿಲ್ಲ. ಅದರ ಇಪ್ಪತ್ತು ಡಿಸೈನುಗಳನ್ನು ಕಂಡು ನನಗೂ ಸಂತೋಷವೇ. ಹಾಕಿ, ಧಾರಾಳವಾಗಿ ಹಾಕಿ. ಅಂದ ಬೇಡವೆಂದು ಯಾವ ಅಜ್ಜಿಯೂ ಹೇಳಿಲ್ಲ. ಆದರೆ ಭಾರ ಹೊರುವ ಕೆಲಸ ಅಂದಕ್ಕೆ ಕೊಡಬೇಡಿ. ಅದನ್ನು ಕಣ್ಣಿಗೆ ಬೀಳದ ಸಾದಾ ಸಾಲಿಗೇ ಬಿಡಿ. ಹೊಲಿಗೆಯಲ್ಲಿ ಮಾತ್ರವಲ್ಲ, ಪರಊರಿನಲ್ಲಿ ಮನೆ ಹಿಡಿದು ನಿಲ್ಲಿಸಿದ ನಿಮ್ಮ ಹಿರಿಯರನ್ನು ನೋಡಿದರೂ ಇದು ನಿಮಗೆ ತಿಳಿದೀತು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ಮಷಿನ್ ಬೇಡ. ಮನೆಯಲ್ಲಿರುವ ಹಳೆಯ ಕೌದಿಯನ್ನು ತೆಗೆದು, ತಿಳಿದ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ತುಂಡು ತೋರಿಸಿ ಇದು ಯಾರ ಸೀರೆ, ಯಾರ ಅಂಗಿ ಎಂದು ಕೇಳಿ. ಈಗಲೇ ಕೇಳಿ. ಇನ್ನು ಹತ್ತು ವರ್ಷಕ್ಕೆ ಕೌದಿ ಉಳಿದೀತು, ಹೇಳುವವರು ಉಳಿಯಲಿಕ್ಕಿಲ್ಲ. ಅವರು ಹೇಳಿದ್ದನ್ನು ಒಂದು ಬಿಳಿ ಬಟ್ಟೆಯ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದು, ಅದರ ಮೇಲೆ ಕೈಯಿಂದ ದಾರ ಓಡಿಸಿ, ಕೌದಿಯ ಹಿಂದೆ ಹೊಲಿಯಿರಿ. ಇಂಗ್ಲಿಷ್ ಅಕ್ಷರ ಹೊಲಿಯುವ ಮಷಿನ್‌ಗಳು ನನ್ನ ಕೈಗೆ ಹಲವು ಬಂದಿವೆ, ಕನ್ನಡ ಅಕ್ಷರ ಹೊಲಿಯುವುದು ಒಂದೂ ಬಂದಿಲ್ಲ. ಅಷ್ಟು ಮಟ್ಟಿಗೆ ನಿಮ್ಮ ಕೈಯೇ ಬೇಕು. ಕಾಗುಣಿತ ಸಂಶಯ ಬಂದರೆ ಮನೆಯಲ್ಲಿ ಕೇಳಿ, ಹೊಲಿಗೆ ಸಂಶಯ ಬಂದರೆ ಚಿಂದಿಯ ಮೇಲೆ ಒಮ್ಮೆ ಹೊಲಿದು ನೋಡಿ. ಆಮೇಲೂ ಬಾರದಿದ್ದರೆ, ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ.